27 ಮಕ್ಕಳ ಶಾಲೆಗೆ ಪ್ರಶಸ್ತಿ ಹೇಗೆ ಬಂತು?

ನಾನು ಕೆಲಸ ಮಾಡುತ್ತಿರುವುದು ಈಶಾನ್ಯ ಕರ್ನಾಟಕದ ಒಂದು ಸಣ್ಣ ಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ. ಒಂದರಿಂದ ಐದರವರೆಗೆ ತರಗತಿಗಳು, 27 ಮಕ್ಕಳು, ಇಬ್ಬರು ಶಿಕ್ಷಕರು, ಎರಡು ಕೋಣೆಗಳು. ಎರಡು ವರ್ಷಗಳ ಹಿಂದೆ ಸ್ವಚ್ಛತೆ ಮತ್ತು ಪರಿಸರದ ವಿಭಾಗದಲ್ಲಿ ನಮ್ಮ ಶಾಲೆಗೆ ಜಿಲ್ಲಾ ಮಟ್ಟದ ಪ್ರಶಸ್ತಿ ಬಂದಿತು. ಅಂದಿನಿಂದ ಕ್ಲಸ್ಟರ್ ಸಭೆಯಲ್ಲಿ, ತರಬೇತಿಗೆ ಹೋದಲ್ಲಿ, ನೆಂಟರ ಮದುವೆಯ ಪಂಕ್ತಿಯಲ್ಲಿ ಕೂಡ ನನ್ನನ್ನು ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಅಷ್ಟು ಸಣ್ಣ ಶಾಲೆಗೆ ಪ್ರಶಸ್ತಿ ಹೇಗೆ ಬಂತು ಸರ್?" ಕೆಲವರು ಸಂತೋಷದಿಂದ ಕೇಳುತ್ತಾರೆ, ಕೆಲವರು ತಮ್ಮ ಶಾಲೆಗೂ ದಾರಿ ಸಿಕ್ಕೀತೆಂದು ಕೇಳುತ್ತಾರೆ, ಇನ್ನು ಕೆಲವರ ದನಿಯಲ್ಲಿ ಸಂಶಯವೂ ಇರುತ್ತದೆ. ನಿಂತಲ್ಲೇ ಹೇಳಿ ಮುಗಿಸಲಾಗದ ಉತ್ತರವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನೇರವಾದ ಉತ್ತರ. ಪ್ರಶಸ್ತಿ ಬಂದದ್ದು ಕೈತೊಳೆಯುವ ನೀರಿನಿಂದ. ಬಿಸಿಯೂಟಕ್ಕೆ ಮೊದಲು ಮಕ್ಕಳು ಕೈ ತೊಳೆದ ನೀರು ಅಂಗಳದಲ್ಲಿ ಕೆಸರಾಗಿ ನಿಲ್ಲುತ್ತಿತ್ತು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೊಬ್ಬರು ಒಂದು ಭಾನುವಾರ ಸನಿಕೆ ಹಿಡಿದು ಬಂದು ನಲ್ಲಿಗಳ ಕೆಳಗಿನಿಂದ ಹಿತ್ತಲಿನವರೆಗೆ ಕಾಲುವೆ ತೋಡಿಕೊಟ್ಟರು. ಆ ನೀರಿಗೆ ನಾವು ನುಗ್ಗೆ, ಕರಿಬೇವು, ಬಾಳೆ, ಪಪ್ಪಾಯಿ ಹಾಕಿದೆವು. ನುಗ್ಗೆಸೊಪ್ಪು ಬಿಸಿಯೂಟದ ಸಾರಿಗೆ ಬಂದಿತು. ಸಾಬೂನನ್ನು ತೂತಿನ ಬಲೆಚೀಲದಲ್ಲಿ ಕಟ್ಟಿ ನಲ್ಲಿಯ ಪಕ್ಕದಲ್ಲಿ ತೂಗುಹಾಕಿದ ಮೇಲೆ ಅದು ಕೆಳಗೆ ಬಿದ್ದು ಮಣ್ಣಾಗುವುದೂ, ಕಳೆದುಹೋಗುವುದೂ ನಿಂತಿತು. ಶೌಚಾಲಯಕ್ಕೆ ನೀರಿನ ತೊಟ್ಟಿ ತುಂಬುವ ಪಾಳಿಯನ್ನು ನಾಲ್ಕು ಮತ್ತು ಐದನೆಯ ತರಗತಿಯ ಮಕ್ಕಳು ತಾವೇ ಹಂಚಿಕೊಂಡರು, ನಾನೂ ಆ ಪಾಳಿಯಲ್ಲಿ ಒಬ್ಬನಾದೆ.

ಇಂತಹ ಮನ್ನಣೆಗಳಿಗೆ ಶಾಲೆಯ ಗಾತ್ರ ಅಡ್ಡಿಯಾಗುವುದಿಲ್ಲ ಎಂಬುದನ್ನು ಬಹಳ ಶಿಕ್ಷಕರು ಗಮನಿಸಿಲ್ಲ. ಕೇಂದ್ರ ಸರ್ಕಾರ 2016ರಲ್ಲಿ ಆರಂಭಿಸಿದ ಸ್ವಚ್ಛ ವಿದ್ಯಾಲಯ ಪುರಸ್ಕಾರದಲ್ಲಿ ನೋಡುತ್ತಿದ್ದುದು ಕುಡಿಯುವ ನೀರು, ಶೌಚಾಲಯ, ಸಾಬೂನಿನಿಂದ ಕೈತೊಳೆಯುವುದು, ನಿರ್ವಹಣೆ, ಮಕ್ಕಳ ರೂಢಿ ಇವುಗಳನ್ನು. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪರಿಸರ ಮಿತ್ರ ಶಾಲೆ ಪ್ರಶಸ್ತಿಯೂ ಸಣ್ಣ ಶಾಲೆಗಳಿಗೆ ಕೈಗೆಟುಕುವಂಥದ್ದೇ. ಇಂತಹ ವಿಷಯಗಳಲ್ಲಿ 27 ಮಕ್ಕಳ ಶಾಲೆ 400 ಮಕ್ಕಳ ಶಾಲೆಗಿಂತ ಮುಂದಿರುವುದು ಸಾಧ್ಯ, ಏಕೆಂದರೆ ನಮ್ಮಲ್ಲಿ ಕೈ ತೊಳೆಯದೆ ತಟ್ಟೆ ಹಿಡಿದು ಕುಳಿತ ಮಗು ಯಾರ ಕಣ್ಣನ್ನೂ ತಪ್ಪಿಸಿಕೊಳ್ಳಲಾರದು. ಅರ್ಜಿ ತುಂಬುವುದು, ಫೋಟೊ ತೆಗೆದು ಕಳಿಸುವುದು, ಪರಿಶೀಲನೆಗೆ ಬಂದವರಿಗೆ ಇದ್ದದ್ದನ್ನು ಇದ್ದ ಹಾಗೆ ತೋರಿಸುವುದು, ಉಳಿದ ಕೆಲಸ ಇಷ್ಟೇ.

ಆದರೆ ಪ್ರಶ್ನೆ ಕೇಳಿದವರಲ್ಲಿ ಹಲವರು ಪ್ರಶಸ್ತಿಯನ್ನೂ ಸಾಧನೆಯನ್ನೂ ಒಂದೇ ಎಂದು ತಿಳಿದು ಕೇಳುತ್ತಾರೆ. ಅಲ್ಲಿ ನಾನು ಸ್ವಲ್ಪ ನಿಲ್ಲಬೇಕಾಗುತ್ತದೆ. ಶಾಲೆಯ ಸಾಧನೆಯನ್ನು ನಾವು ಸಾಮಾನ್ಯವಾಗಿ ಎಣಿಸುವ ಕ್ರಮವೇ ಸಣ್ಣ ಶಾಲೆಗೆ ಹೊಂದುವಂಥದ್ದಲ್ಲ. ಕ್ರೀಡಾಕೂಟವನ್ನೇ ನೋಡಿ. ಖೋ-ಖೋ ಆಟಕ್ಕೆ ಅಂಗಳದಲ್ಲಿ 9 ಮಂದಿ ಬೇಕು, ಕಬಡ್ಡಿಗೆ 7. ಐದೂ ತರಗತಿಯ ಗಂಡು, ಹೆಣ್ಣುಮಕ್ಕಳೆಲ್ಲ ಸೇರಿ 27 ಇರುವಲ್ಲಿ, ಒಂದನೆಯ ತರಗತಿಯ ಮಗುವನ್ನು ಐದನೆಯ ತರಗತಿಯ ಮಗುವಿನ ಪಕ್ಕದಲ್ಲಿ ಕೂರಿಸದೆ ತಂಡ ಕಟ್ಟುವುದು ಹೇಗೆ? ಪ್ರತಿಭಾ ಕಾರಂಜಿಯಲ್ಲಿ ಕಂಠಪಾಠ, ಅಭಿನಯ ಗೀತೆ, ಮಣ್ಣಿನ ಮಾದರಿಗೆ ನಮ್ಮವರು ಹೋಗುತ್ತಾರೆ, ಬಹುಮಾನವನ್ನೂ ತಂದಿದ್ದಾರೆ. ಗುಂಪಿನ ಸ್ಪರ್ಧೆಗಳಿಗೆ ನಮ್ಮ ಹೆಸರೇ ಇರುವುದಿಲ್ಲ.

ಶೇಕಡಾವಾರು ಲೆಕ್ಕ ಇನ್ನೂ ದಾರಿ ತಪ್ಪಿಸುತ್ತದೆ. ನಮ್ಮ ಐದನೆಯ ತರಗತಿಯಲ್ಲಿ 6 ಮಕ್ಕಳಿದ್ದಾರೆ. ಆರರಲ್ಲಿ ಒಂದು ಮಗು ಭಾಗಾಕಾರದಲ್ಲಿ ಹಿಂದುಳಿದರೆ ಶಾಲೆಯ ಫಲಿತಾಂಶ ಶೇ. 83ಕ್ಕೆ ಇಳಿಯುತ್ತದೆ, ಮರುವರ್ಷ ಅಂಥ ಮಗುವಿಲ್ಲದಿದ್ದರೆ ಶೇ. 100ಕ್ಕೆ ಏರುತ್ತದೆ. ಎರಡು ವರ್ಷಗಳ ನಡುವೆ ನಮ್ಮ ಬೋಧನೆಯಲ್ಲಿ ಏನೂ ಬದಲಾಗಿರುವುದಿಲ್ಲ. ಹೀಗಾಗಿ "ನಮ್ಮದು ಶೇ. 100 ಫಲಿತಾಂಶದ ಶಾಲೆ" ಎಂದು ನಾನು ಎಲ್ಲಿಯೂ ಹೇಳಿಕೊಳ್ಳುವುದಿಲ್ಲ, ಶೇ. 83 ಬಂದ ವರ್ಷ ತಲೆ ತಗ್ಗಿಸುವುದೂ ಇಲ್ಲ. ಆ ಒಂದು ಮಗು ಯಾವುದು, ಅದು ಎಲ್ಲಿ ನಿಂತಿದೆ ಎಂದು ಹೇಳಬಲ್ಲೆನೇ ಎಂಬುದನ್ನು ಮಾತ್ರ ನನಗೆ ನಾನೇ ಕೇಳಿಕೊಳ್ಳುತ್ತೇನೆ.

ನಾನು ಸಾಧನೆ ಎಂದು ಎದೆಯೊಳಗೆ ಇಟ್ಟುಕೊಂಡಿರುವುದು ಬೇರೊಂದನ್ನು. ನಮ್ಮ ಊರಿನ ಕೆಲವು ಕುಟುಂಬಗಳು ದೀಪಾವಳಿಯ ನಂತರ ಕಬ್ಬು ಕಡಿಯಲು ಎತ್ತಿನ ಗಾಡಿ ಹೂಡಿಕೊಂಡು ಗುಳೆ ಹೋಗುತ್ತವೆ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದಿದ್ದರೆ ಮಕ್ಕಳೂ ಹೋಗುತ್ತಾರೆ. ಒಂದನೆಯ ತರಗತಿಯ ಒಬ್ಬ ಹುಡುಗಿ ಹಾಗೆ ಹೋದಳು. ಮಕ್ಕಳು ಕಾರ್ಡುಗಳ ನೆರವಿನಿಂದ ತಮ್ಮ ತಮ್ಮ ವೇಗದಲ್ಲಿ ಕಲಿಯುವ ನಲಿ-ಕಲಿ ಪದ್ಧತಿಯಲ್ಲಿ ಅಕ್ಷರ ಕಲಿಸುವುದು ಅ, ಆ, ಇ, ಈ ಎಂಬ ಸಾಲಿನಲ್ಲಲ್ಲ. "ರ, ಗ, ಸ, ದ, ಅ" ಎಂಬ ಐದು ಅಕ್ಷರಗಳ ಗುಂಪು ಮೊದಲು ಬರುತ್ತದೆ, ಅಷ್ಟರಲ್ಲೇ ಮಗು ಗರಗಸ, ಅಗಸ, ಸರಸರ ಎಂದು ಪದಗಳನ್ನು ಓದತೊಡಗುತ್ತದೆ. ಈ ಹುಡುಗಿ ಆ ಐದನ್ನು ಕಲಿತು, ಮುಂದಿನ "ಜ, ವ, ಮ, ಬ, ನ" ಗುಂಪಿನ ಹೊಸ್ತಿಲಲ್ಲಿ ಇದ್ದಾಗ ಗಾಡಿ ಹತ್ತಿದಳು. ಶಿವರಾತ್ರಿಯ ಹೊತ್ತಿಗೆ ಮರಳಿದಾಗ ಅವಳ ಅಂಗೈ ಒರಟಾಗಿತ್ತು; ಐದು ಅಕ್ಷರಗಳಲ್ಲಿ "ದ" ಮತ್ತು "ಅ" ಮರೆತುಹೋಗಿದ್ದವು.

ಹಳೆಯ ಪದ್ಧತಿಯಲ್ಲಾದರೆ ಅಷ್ಟು ಹೊತ್ತಿಗೆ ತರಗತಿ ಪುಸ್ತಕದ ಕೊನೆಯ ಪಾಠಗಳಿಗೆ ಬಂದಿರುತ್ತಿತ್ತು, ಅವಳು ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತು, ಜೂನ್‌ನಲ್ಲಿ ಎರಡನೆಯ ತರಗತಿಗೆ ದಾಟಿ, ಅಲ್ಲಿಯೂ ಸುಮ್ಮನೆ ಕುಳಿತಿರುತ್ತಿದ್ದಳು. ನಲಿ-ಕಲಿಯಲ್ಲಿ ಹಾಗಾಗುವುದಿಲ್ಲ. ಗೋಡೆಯ ಮೇಲಿನ ಪ್ರಗತಿನೋಟದಲ್ಲಿ ಅವಳ ಹೆಸರಿನ ಮುಂದೆ ಅವಳು ಬಿಟ್ಟುಹೋದ ಮೈಲಿಗಲ್ಲು ಗುರುತಾಗಿತ್ತು. ಕಲಿಕೆಯ ಹಂತಗಳನ್ನು ಸಾಲಾಗಿ ತೋರಿಸುವ ಕಲಿಕಾ ಏಣಿಯ ಅದೇ ಮೆಟ್ಟಿಲಿನ ಕಾರ್ಡನ್ನು ಕೈಗಿತ್ತು, ಶಿಕ್ಷಕರ ನೆರವಿನ ತಟ್ಟೆಯಲ್ಲಿ, ಅಂದರೆ ಶಿಕ್ಷಕರ ನೆರವು ಬೇಕಾದ ಮಕ್ಕಳ ಗುಂಪಿನಲ್ಲಿ, ನನ್ನ ಪಕ್ಕದಲ್ಲೇ ಕೂರಿಸಿಕೊಂಡೆ. ಆಮೇಲೆ ಎರಡನೆಯ ತರಗತಿಯ ಹುಡುಗಿಯೊಬ್ಬಳು ತಾನಾಗಿಯೇ ಬಂದು ಅವಳೊಂದಿಗೆ ಕೂರತೊಡಗಿದಳು. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಊಟದ ತಟ್ಟೆಗಳನ್ನು ತೊಳೆದಿಟ್ಟು ಬಂದವಳು ಗೋಡೆಯ ಕೆಳಭಾಗದಲ್ಲಿರುವ ತನ್ನ ಹಲಗೆಯ ಮುಂದೆ ಮಂಡಿಯೂರಿ ಕುಳಿತು, ಸೀಮೆಸುಣ್ಣವನ್ನು ಒತ್ತಿ ಒತ್ತಿ "ಬಸವ" ಎಂದು ಬರೆದಳು. "ವ" ಸ್ವಲ್ಪ ವಾಲಿತ್ತು. ನನ್ನ ಕಡೆ ತಿರುಗಿ, "ಸರ್, ಇದು ನಮ್ಮನಿ ಬಸವ ರೀ" ಎಂದಳು. ಗಾಡಿ ಎಳೆದು ಕಬ್ಬಿನ ಹೊಲದವರೆಗೆ ಹೋಗಿ ಬಂದ ಎತ್ತು ಅದು. ಯಾರೂ ಹೇಳಿಕೊಡದೆ ಅವಳು ತನ್ನ ಬದುಕಿನಿಂದ ಎತ್ತಿಕೊಂಡು ಬರೆದ ಮೊದಲ ಪದ. ಯಾವ ಅರ್ಜಿಯಲ್ಲಿಯೂ ಇದನ್ನು ತುಂಬಲು ಅಂಕಣವಿಲ್ಲ.

ಈ ನಲಿ-ಕಲಿಯೇ ಸಣ್ಣ ಶಾಲೆಗಳ ಕೊಡುಗೆ ಎಂಬುದನ್ನೂ ಇಲ್ಲಿ ಹೇಳಬೇಕು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನೊಂದಿಗೆ, ಆಂಧ್ರಪ್ರದೇಶದ ಋಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಮಾದರಿಯನ್ನು ನೋಡಿಕೊಂಡು ಸರ್ಕಾರಿ ಶಾಲೆಯ ಶಿಕ್ಷಕರು ಇದನ್ನು ಕನ್ನಡಕ್ಕೆ ಒಗ್ಗಿಸಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಆರಂಭದ ತರಗತಿಗಳಿಗೆ ವಿಸ್ತರಿಸಿತು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ಅಂದರೆ ಐದು ತರಗತಿಗೆ ಇಬ್ಬರು. ಒಂದೇ ಕೋಣೆಯಲ್ಲಿ ಮೂರು ತರಗತಿಯ ಮಕ್ಕಳನ್ನು ಕೂರಿಸಿ ಕಲಿಸುವುದು ನಮ್ಮಂಥವರಿಗೆ ದಿನನಿತ್ಯದ ಸಂಗತಿ. ಆ ಕಷ್ಟದೊಳಗಿನಿಂದಲೇ ಹುಟ್ಟಿದ ಪದ್ಧತಿ ಇಡೀ ರಾಜ್ಯಕ್ಕೆ ಹಬ್ಬಿತೆಂಬುದು ನನಗೆ ಬಹಳ ದೊಡ್ಡ ಮಾತಾಗಿ ಕಾಣುತ್ತದೆ.

ಕಲಿಕೆಯನ್ನೇ ನೋಡಿ ಶಾಲೆಗೆ ಮನ್ನಣೆ ಕೊಡುವ ಪ್ರಯತ್ನ ನಮ್ಮ ಭಾಗದಲ್ಲಿ ಹಿಂದೆಯೇ ನಡೆದಿತ್ತು. ಈ ಶತಮಾನದ ಆರಂಭದ ವರ್ಷಗಳಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ರಾಜ್ಯ ಸರ್ಕಾರದೊಂದಿಗೆ ಸೇರಿ ಈಶಾನ್ಯ ಕರ್ನಾಟಕದಲ್ಲಿ ಕಲಿಕಾ ಖಾತರಿ ಕಾರ್ಯಕ್ರಮ ನಡೆಸಿದಾಗ, ಶಾಲೆಗಳು ತಾವಾಗಿಯೇ ಮುಂದೆ ಬಂದು ದಾಖಲಾತಿ, ಹಾಜರಾತಿ, ಕಲಿಕೆ ಈ ಮೂರನ್ನೂ ಹೊರಗಿನವರ ಪರೀಕ್ಷೆಗೆ ಒಡ್ಡಿಕೊಂಡಿದ್ದವು. ಮಕ್ಕಳು ನಿಜವಾಗಿ ಏನು ಬಲ್ಲರು ಎಂದು ನೋಡಿ ಕೊಡುವ ಇಂಥ ಮನ್ನಣೆಗಳು ಹೆಚ್ಚಬೇಕು ಎಂಬುದು ನನ್ನ ಆಸೆ.

ಹಾಗಾದರೆ ಹಿತ್ತಲಿನ ಪ್ರಶಸ್ತಿ ಬೇಡವೇ ಎಂದರೆ, ಖಂಡಿತ ಬೇಕು. ಬೆಳಗ್ಗೆ ಎಂಟಕ್ಕೆ ಇಂಗ್ಲಿಷ್ ಮಾಧ್ಯಮ ಶಾಲೆಯ ವ್ಯಾನು ನಮ್ಮ ಶಾಲೆಯ ಗೇಟಿನ ಮುಂದೆಯೇ ಹಾದುಹೋಗುತ್ತದೆ. ಕೂಲಿಯ ಹಣದಲ್ಲಿ ಆ ವ್ಯಾನಿನ ಶುಲ್ಕ ಕಟ್ಟುವ ತಂದೆತಾಯಿಗಳು ನಮ್ಮನ್ನು ದ್ವೇಷಿಸುವವರಲ್ಲ. ಸರ್ಕಾರಿ ಶಾಲೆಯಲ್ಲಿ ಏನಾದರೂ ನಡೆಯುತ್ತದೆ ಎಂಬ ನಂಬಿಕೆ ಅವರಿಗೆ ಉಳಿದಿಲ್ಲ, ಅಷ್ಟೇ. ಪ್ರತಿ ವರ್ಷ ಎರಡು ಮೂರು ಮಕ್ಕಳು ಕಡಿಮೆಯಾಗುತ್ತಾ ಹೋದರೆ ಶಾಲೆಯನ್ನು ಪಕ್ಕದೂರಿನ ಶಾಲೆಗೆ ಸೇರಿಸುವ ಮಾತು ಬರುತ್ತದೆ. ಪ್ರಶಸ್ತಿ ಪತ್ರ ಬಂದ ದಿನ ಊರಿನವರು ಗುಡಿಯ ಮುಂದೆ ಮಕ್ಕಳಿಗೆ ಸಿಹಿ ಹಂಚಿದರು. ಪಟ್ಟಣದಲ್ಲಿ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಗಳು ಕೈಯಾರೆ ಹಣ ಕೂಡಿಸಿ ನಲಿ-ಕಲಿ ಕೋಣೆಗೆ ದುಂಡು ಮೇಜುಗಳನ್ನು ಮಾಡಿಸಿಕೊಟ್ಟರು. ಆ ಜೂನ್‌ನಲ್ಲಿ ವ್ಯಾನು ಹತ್ತುತ್ತಿದ್ದ ಇಬ್ಬರು ಮಕ್ಕಳು ನಮ್ಮಲ್ಲಿಗೆ ಬಂದರು. 27ರಲ್ಲಿ ಇಬ್ಬರೆಂದರೆ ಸಣ್ಣ ಸಂಖ್ಯೆಯಲ್ಲ.

ಸಣ್ಣದನ್ನು ಕಡೆಗಣಿಸಬಾರದೆಂದು ನನಗೆ ಧೈರ್ಯ ಕೊಡುವುದು ಹರೇಕಳದ ನ್ಯೂಪಡ್ಪುವಿನ ಶಾಲೆ. ಮಂಗಳೂರಿನಲ್ಲಿ ಕಿತ್ತಳೆ ಹಣ್ಣು ಮಾರುತ್ತಿದ್ದ ಹಾಜಬ್ಬ ಅವರು ತಮ್ಮ ಊರಿಗೆ ಶಾಲೆ ತಂದಾಗ ಅಲ್ಲಿದ್ದದ್ದು 28 ಮಕ್ಕಳು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಆ ಮನ್ನಣೆ ಬಂದದ್ದು ಇಪ್ಪತ್ತು ವರ್ಷಗಳ ನಂತರ; ಶಾಲೆ ಅದಕ್ಕಾಗಿ ಕಾದು ಕುಳಿತಿರಲಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಕಿರಿಯ ಶಿಕ್ಷಕರಿಗೆ ಹೇಳುತ್ತೇನೆ. ಪರಿಶೀಲನೆಯ ದಿನ ಹತ್ತಿರ ಬಂದಾಗ ನಾನೂ ತಪ್ಪು ಮಾಡಿದ್ದೇನೆ. ಕಡತ ಹೊಂದಿಸುವುದರಲ್ಲಿ, ಗೋಡೆಗೆ ಬಣ್ಣ ಬಳಿಸುವುದರಲ್ಲಿ ನಾಲ್ಕು ದಿನ ಕಳೆದು, ಆ ನಾಲ್ಕು ದಿನ ಮಕ್ಕಳ ಕಾರ್ಡುಗಳು ಟ್ರೇಯಿಂದ ಈಚೆಗೆ ಬರಲಿಲ್ಲ. ಐದನೆಯ ದಿನ ಒಂದನೆಯ ತರಗತಿಯ ಹುಡುಗನೊಬ್ಬ ತಾನೇ ಟ್ರೇ ಎಳೆದು ತಂದು ನನ್ನ ಮುಂದಿಟ್ಟ. ಅಂದಿನಿಂದ ಅರ್ಜಿಯ ಕೆಲಸವನ್ನೆಲ್ಲ ಸಂಜೆ ನಾಲ್ಕೂವರೆಯ ನಂತರಕ್ಕೆ ಇಟ್ಟುಕೊಂಡಿದ್ದೇನೆ.

ಈ ವರ್ಷ ದೀಪಾವಳಿಗೆ ಒಂದು ವಾರ ಮೊದಲು ಆ ಹುಡುಗಿಯ ತಾಯಿ ಶಾಲೆಗೆ ಬಂದಿದ್ದರು. ಮಗಳನ್ನು ಈ ಸಲ ಅಜ್ಜಿಯ ಹತ್ತಿರ ಬಿಟ್ಟು ಹೋಗುವುದಾಗಿ ಹೇಳಿ, ಬೆಳಗಿನ ಹಾಲು ಎಷ್ಟು ಹೊತ್ತಿಗೆ ಕೊಡುತ್ತೀರಿ, ಶನಿವಾರ ಎಷ್ಟಕ್ಕೆ ಬಿಡುತ್ತೀರಿ ಎಂದು ವಿಚಾರಿಸಿದರು. ಅಷ್ಟು ಹೊತ್ತೂ ಹುಡುಗಿ ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ತಾಯಿ ಹೊರಟ ಮೇಲೆ ಒಳಗೆ ಬಂದು ತನ್ನ ಹಲಗೆಯ ಮುಂದೆ ಕುಳಿತಳು.