ಮೈಕ್ ಇತ್ತೋ?

ನಮ್ಮ ಶಾಲೆಯಲ್ಲಿ ಸಂಗೀತದ ಮಾಷ್ಟ್ರು ಇರಲಿಲ್ಲ. ಇದ್ದದ್ದು ಲೆಕ್ಕದ ಮಾಷ್ಟ್ರು. ಹಾಗಾಗಿ ನಮಗೆ ಸಂಗೀತ ಕಲಿಸಿದವರೂ ಅವರೇ. ಕಲಿಸಿದರು ಎಂದರೆ ಸುಳ್ಳಾದೀತು. ಒಬ್ಬನನ್ನು ಬಿಟ್ಟರೆ ನಮ್ಮ ಕ್ಲಾಸಿನಲ್ಲಿ ಯಾರಿಗೂ ಸರಿಗಮ ನೆಟ್ಟಗೆ ಬರುವುದಿಲ್ಲ. ಕೇಳಿಸಿದರು ಅನ್ನೋಣ.

ಕಳೆದ ಆಟಿ ತಿಂಗಳಲ್ಲಿ ಮಾಷ್ಟ್ರು ತೀರಿಕೊಂಡರು. ಶಾಲೆಯ ಮ್ಯಾಗಜಿನ್ನಿಗೆ ಎರಡು ಪುಟ ಬರೆದುಕೊಡಿ ಎಂದು ಫೋನ್ ಬಂತು. ಬರೆಯಲು ಕೂತರೆ ಮೂರು ವರ್ಷ ಅವರು ಕಲಿಸಿದ ಲೆಕ್ಕದಲ್ಲಿ ಒಂದೇ ಒಂದು ನೆನಪಿಗೆ ಬರುತ್ತಿದೆ, ಅದೂ ಒಂದು ತಂತಿಯದ್ದು.

ಬೆಂಚಿನ ಎರಡು ಕಡೆ ಮೊಳೆ ಹೊಡೆದು, ನಡುವೆ ಸಪೂರ ಉಕ್ಕಿನ ತಂತಿಯೊಂದನ್ನು ಬಿಗಿದಿದ್ದರು. ಮೊಳೆಯಿಂದ ಮೊಳೆಗೆ ಸರಿಯಾಗಿ 60 ಸೆಂಟಿಮೀಟರ್. ಮೀಟಿ, "ಇದು ಸ" ಎಂದರು. 30ಕ್ಕೆ ಒಂದು ಮರದ ತುಂಡು ಸಿಕ್ಕಿಸಿ ಮೀಟಿದರು. ಮೇಲಿನ ಸ. 40ಕ್ಕೆ ಪ, 45ಕ್ಕೆ ಮ, 48ಕ್ಕೆ ಗ. "ಭಿನ್ನರಾಶಿ ಯಾವುದಕ್ಕೆ ಬೇಕು ಮಾಷ್ಟ್ರೇ ಅಂತ ಕೇಳಿದ್ದು ಯಾರು?" ಕೇಳಿದ್ದು ನಾನು. ಉತ್ತರ ಆ ಬೆಂಚಿನ ಮೇಲೆ ಝಣಝಣ ಅನ್ನುತ್ತಿತ್ತು. ಆಮೇಲೆ ಅವರು ಮುತ್ತುಸ್ವಾಮಿ ದೀಕ್ಷಿತರ ಒಂದು ನೊಟ್ಟುಸ್ವರ ಹಾಡಿದರು. ನಮ್ಮ ಶಂಕರಾಭರಣದ ಸ್ವರಗಳೂ ಪಾಶ್ಚಾತ್ಯರ ಮೇಜರ್ ಸ್ಕೇಲೂ ಒಂದೇ, ದೀಕ್ಷಿತರಿಗೆ ಅದು ಗೊತ್ತಾಗಿ ಬ್ರಿಟಿಷರ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತದ ಮಾತು ಕೂರಿಸಿದರು ಎಂದರು. ಅವರು ಹಾಡಿದ 'ಸಂತತಂ ಪಾಹಿಮಾಂ' ಇಂಗ್ಲೆಂಡಿನ ರಾಜನನ್ನು ದೇವರು ಕಾಪಾಡಲಿ ಎನ್ನುವ ಹಾಡಿನ ಮಟ್ಟು. ಪಕ್ಕದ ಕ್ಲಾಸಿನ ಕನ್ನಡ ಪಂಡಿತರು ಕಿಟಕಿಯಿಂದ ಇಣುಕಿ, ತಲೆ ಅಲ್ಲಾಡಿಸಿ ಹೋದರು. ಮೆಚ್ಚಿ ಅಲ್ಲಾಡಿಸಿದ್ದೋ ಅಲ್ಲವೋ, ಈಗಲೂ ಅನುಮಾನ.

ಮಾಷ್ಟ್ರು ಕೆಲಸಕ್ಕೆ ಸೇರುವ ಮೊದಲು ಬೊಂಬಾಯಿಯಲ್ಲಿ ಕೆಲವು ವರ್ಷ ಗುಮಾಸ್ತರಾಗಿದ್ದರಂತೆ. ನಮ್ಮ ಕಡೆಯ ಎಷ್ಟೋ ಮಂದಿ ಹಾಗೆ ಹೋದವರೇ. ಉಳಿದವರು ಅಲ್ಲಿಂದ ದುಡ್ಡು ತಂದರು, ಇವರು ಪಾಶ್ಚಾತ್ಯರ ಹಾಡುನಾಟಕ ಒಪೆರಾದ ಹುಚ್ಚು ತಂದರು.

ನಾವು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ದುಬಾಯಿಯಿಂದ ಬಂದ ಅವರ ಹಳೇ ಶಿಷ್ಯನೊಬ್ಬ ಒಂದು ಟೂ ಇನ್ ಒನ್ನೂ ಒಂದು ಕ್ಯಾಸೆಟ್ಟೂ ತಂದುಕೊಟ್ಟ. 1990ರ ಜುಲೈ 7ರಂದು ರೋಮಿನಲ್ಲಿ ಪವರೊಟ್ಟಿ, ಡೊಮಿಂಗೊ, ಕರೇರಾಸ್ ಎಂಬ ಮೂವರು ಒಪೆರಾ ಗಾಯಕರು ಸೇರಿ ಹಾಡಿದ ಕಛೇರಿ. ವಿಶ್ವಕಪ್ ಫೈನಲಿನ ಹಿಂದಿನ ರಾತ್ರಿ. ಫುಟ್‌ಬಾಲಿನ ಹೆಸರು ಹೇಳಿದ್ದೇ ತಡ, ನಾವೆಲ್ಲ ಕಿವಿ ನೆಟ್ಟಗೆ ಮಾಡಿದೆವು. ಜರ್ಮನಿಗೆ ಅರ್ಜೆಂಟೀನಾ ಒಂದು ಗೋಲಿನಿಂದ ಸೋತ ದುಃಖ ನಮಗಿನ್ನೂ ಹಸಿಯಾಗಿತ್ತು.

ಶುಕ್ರವಾರ ನಮ್ಮಲ್ಲಿ ಜುಮಾ ನಮಾಜಿಗೆಂದು ಮಧ್ಯಾಹ್ನದ ಬಿಡುವು ಜಾಸ್ತಿ. ಕೊನೆಯ ಪೀರಿಯಡ್ಡಿಗೆ ಎಲ್ಲರಿಗೂ ತೂಕಡಿಕೆ. ಆ ಪೀರಿಯಡ್ಡನ್ನೇ ಮಾಷ್ಟ್ರು ಆರಿಸಿಕೊಂಡಿದ್ದರು. ಮೊದಲ ಶುಕ್ರವಾರ ಹಾಕಿದ್ದು 'ನೆಸ್ಸುನ್ ದೋರ್ಮ'. "ಅರ್ಥ ಏನು ಗೊತ್ತಾ? ಯಾರೂ ನಿದ್ದೆ ಮಾಡಬಾರದು." ಇಡೀ ಕ್ಲಾಸು ನಕ್ಕಿತು. ಯಕ್ಷಗಾನದ ಕವಿ ಪಾರ್ತಿಸುಬ್ಬನ ಕಾಸರಗೋಡು ಸೀಮೆಯವರು ನಾವು, ಬೆಳಗಿನವರೆಗೆ ಆಟ ನೋಡಿ ಬೆಳೆದವರು. ನಿದ್ದೆ ಮಾಡಬಾರದು ಅಂತ ನಮಗೆ ಇಟಲಿಯವರು ಹೇಳಿಕೊಡಬೇಕಾ!

ಅವರು ಕಥೆ ಹೇಳಿದ್ದೂ ಆಟದ ಲೆಕ್ಕದಲ್ಲೇ. ತುರಾಂದೋತ್ ಎಂಬ ರಾಜಕುಮಾರಿ ನಮ್ಮ ಪ್ರಮೀಳೆಯ ಹಾಗೆ, ಗಂಡಸರೆಂದರೆ ಆಗದು. ಮೂರು ಒಗಟು ಕೇಳುತ್ತಾಳೆ, ಬಿಡಿಸದವನ ತಲೆ ಹೋಯಿತು. ಹೆಸರು ಹೇಳದ ರಾಜಕುಮಾರನೊಬ್ಬ ಬಂದು ಮೂರನ್ನೂ ಬಿಡಿಸುತ್ತಾನೆ. ಬೆಳಗಾಗುವುದರೊಳಗೆ ನನ್ನ ಹೆಸರು ಕಂಡುಹಿಡಿ, ಆಗ ನನ್ನ ತಲೆ ನಿನ್ನದು ಅನ್ನುತ್ತಾನೆ. ಹೆಸರು ಸಿಗುವ ತನಕ ಊರಲ್ಲಿ ಯಾರೂ ಮಲಗಬಾರದು ಅಂತ ಅವಳ ಅಪ್ಪಣೆ. ಆ ರಾತ್ರಿ ಅವನು ಹಾಡುವ ಪದ ಇದು. ಕೊನೆಯಲ್ಲಿ ಸ್ವರ ಮೇಲೆ ಮೇಲೆ ಹೋಗಿ 'ವಿಂಚೆರೋ' ಎಂದು ನಿಲ್ಲುತ್ತದೆ. ಗೆಲ್ಲುತ್ತೇನೆ ಅಂತ.

"ಭಾಗವತರು ಯಾರು?" ಎಂದು ಹಿಂದಿನ ಬೆಂಚಿನವನು ಕೇಳಿದ. ಮಾಷ್ಟ್ರಿಗೆ ಭಾರಿ ಖುಷಿ. "ಅಲ್ಲೇ ಇರುವುದು ವ್ಯತ್ಯಾಸ. ನಮ್ಮಲ್ಲಿ ಭಾಗವತರು ಹಾಡ್ತಾರೆ, ವೇಷ ಕುಣಿದು ಅರ್ಥ ಹೇಳ್ತದೆ. ಅಲ್ಲಿ ವೇಷವೇ ಹಾಡಬೇಕು. ಆದ್ರೂ ಆಟ ನಡೆಸಲಿಕ್ಕೆ ಒಬ್ಬರು ಬೇಕಲ್ವಾ? ಕೈಯಲ್ಲೊಂದು ಕೋಲು ಹಿಡಿದು ನಿಲ್ತಾರೆ. ಈ ಕ್ಯಾಸೆಟ್ಟಿನಲ್ಲಿ ಕೋಲು ಹಿಡಿದವರು ಜುಬಿನ್ ಮೆಹ್ತಾ, ನಮ್ಮ ಬೊಂಬಾಯಿಯಲ್ಲಿ ಹುಟ್ಟಿದವರು." ಬೊಂಬಾಯಿ ಎನ್ನುವಾಗ ಅವರ ಎದೆ ಒಂದು ಇಂಚು ಮುಂದೆ ಬಂದಿತ್ತು.

ಇದರ ಸಂಗೀತ ಬರೆದ ಪುಚ್ಚೀನಿ ಈ ಒಪೆರಾ ಮುಗಿಸದೆ 1924ರಲ್ಲಿ ತೀರಿಕೊಂಡ. ಉಳಿದದ್ದನ್ನು ಇನ್ನೊಬ್ಬರು ಬರೆದು ಮುಗಿಸಿದರು. 1926ರಲ್ಲಿ ಮಿಲಾನಿನ ಲಾ ಸ್ಕಾಲಾದಲ್ಲಿ ಮೊದಲ ಪ್ರದರ್ಶನ. ಪುಚ್ಚೀನಿ ಬರೆದಲ್ಲಿಯವರೆಗೆ ಬಂದು ತೊಸ್ಕನೀನಿ ಕೋಲು ಕೆಳಗಿಟ್ಟ, ಅವತ್ತಿನ ಆಟ ಅಲ್ಲಿಗೇ ನಿಂತಿತು. ಇದನ್ನು ಹೇಳುವಾಗ ಮಾಷ್ಟ್ರು ತಮ್ಮ ಕೈಯ ಫೂಟುಪಟ್ಟಿಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು. ಬೆಲ್ ಆಗುವವರೆಗೆ ಯಾರೂ ಮಾತಾಡಲಿಲ್ಲ.

ಅವರನ್ನು ಎಲ್ಲಕ್ಕಿಂತ ಕಾಡುತ್ತಿದ್ದದ್ದು ಒಂದೇ. ಲಾ ಸ್ಕಾಲಾದಂಥ ಥಿಯೇಟರಿನಲ್ಲಿ ಮೈಕ್ ಇಲ್ಲ. ಕೆಳಗೆ ಅರವತ್ತು ಎಪ್ಪತ್ತು ವಾದ್ಯ, ಮೇಲೆ ಒಂದು ಗಂಟಲು, ಆದರೂ ಕೊನೆಯ ಸಾಲಿಗೆ ಕೇಳುತ್ತದೆ! "ಹೇಗೆ ಮಾರಾಯಾ? ಹೇಗೆ?" ಎಂದು ನಮ್ಮನ್ನೇ ಕೇಳುತ್ತಿದ್ದರು. ಅದರ ಗುಟ್ಟು ನಾನು ಎಷ್ಟೋ ವರ್ಷದ ಮೇಲೆ ಓದಿದೆ. ಪಳಗಿದ ಗಂಟಲಿನ ಶಕ್ತಿ 3000 ಹರ್ಟ್ಸಿನ ಆಸುಪಾಸಿನಲ್ಲಿ ಒಟ್ಟಾಗುತ್ತದೆಯಂತೆ. ವಾದ್ಯಗಳ ಸದ್ದು ಅಲ್ಲಿ ತೆಳು. ಆ ಸಂದಿಯಲ್ಲಿ ಸ್ವರ ತೂರಿ ಬರುತ್ತದೆ. ಮೈಕ್ ಇಲ್ಲದ ಕಾಲದಲ್ಲಿ ಚೆಂಡೆಯ ಮೇಲೆ ಹಾಡಿದ ನಮ್ಮ ಭಾಗವತರು ಏನು ಮಾಡುತ್ತಿದ್ದರೋ, ಯಾರಾದರೂ ಅಳೆಯಬೇಕಿತ್ತು.

ಇನ್ನು ನಮ್ಮ ಪೋಕರಿತನ. ಅಂಗಡಿಯ ಕ್ಯಾಸೆಟ್ಟಿನ ಮೇಲೆ ರೆಕಾರ್ಡ್ ಆಗಬಾರದೆಂದು ಬೆನ್ನಿನಲ್ಲಿ ಎರಡು ತೂತು ಬಿಟ್ಟಿರುತ್ತಾರೆ. ಅದಕ್ಕೆ ಕಾಗದ ಅಂಟಿಸಿದರೆ ಆಯಿತು. ಇದು ಗೊತ್ತಿದ್ದದ್ದು ನನ್ನ ಬೆಂಚಿನ ಗೆಳೆಯನಿಗೆ. ಒಂದು ಶುಕ್ರವಾರ, ಆ ಉದ್ದ ಬಿಡುವಿನಲ್ಲಿ, ಬುತ್ತಿಯ ಅನ್ನವನ್ನೇ ಅಂಟು ಮಾಡಿ ಕಾಗದ ಹಚ್ಚಿದೆವು. ಸ್ಟಾಫ್ ರೂಮಿನಲ್ಲಿ ಯಾರೂ ಇರಲಿಲ್ಲ. 'ವಿಂಚೆರೋ' ಬರುವ ಸ್ವಲ್ಪ ಮೊದಲು ನಿಲ್ಲಿಸಿ, ಕೆಂಪು ಗುಂಡಿ ಒತ್ತಿ, ನಾನು ಹಾಡಿದೆ. ಪವರೊಟ್ಟಿಗಿಂತ ಒಂದು ಕೈ ಮೇಲೆ ಅಂತಲೇ ಅಂದುಕೊಂಡಿದ್ದೆ. ಚಪ್ಪಲಿಯ ಸದ್ದು ಕೇಳಿ ಓಡಿದೆವು.

ಕೊನೆಯ ಪೀರಿಯಡ್ಡು ಬಂತು. ಹಾಡು ಏರಿತು, ಏರಿತು, ಟಕ್ ಎಂದಿತು. ಕುತ್ತಿಗೆ ಹಿಚುಕಿದ ಕೋಳಿಯ ಹಾಗೆ ನನ್ನ ಸ್ವರ. ಮತ್ತೆ ಟಕ್. ಅದರ ಬೆನ್ನಿಗೇ ರೋಮಿನ ಸಾವಿರಾರು ಜನರ ಚಪ್ಪಾಳೆ, ಬ್ರಾವೋ!

ನಾನು ಕೈ ಚಾಚಿ ಎದ್ದು ನಿಂತೆ. ಮಾಷ್ಟ್ರು ಬೆತ್ತ ತೆಗೆಯಲಿಲ್ಲ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು, ನಗು ತಡೆಯಲಾಗದೆ. "ಕೂತ್ಕೋ. ಆ ಚಪ್ಪಾಳೆ ನಿನಗೇ" ಎಂದರು. ಬೇರೆ ಕ್ಯಾಸೆಟ್ ತರಿಸಲೂ ಇಲ್ಲ. ಆಮೇಲಿನ ಬ್ಯಾಚುಗಳೂ ಆ ಹಾಡನ್ನು ನನ್ನ ಕೂಗಿನ ಜೊತೆಗೇ ಕೇಳಿದವಂತೆ.

2008ರಲ್ಲಿ ಕಂಪೆನಿ ಕೆಲಸಕ್ಕೆ ಮಿಲಾನಿಗೆ ಹೋಗಿದ್ದೆ. ನಮ್ಮ ಬ್ಯಾಚಿನಲ್ಲಿ ಅಲ್ಲಿಯವರೆಗೆ ಹೋದವನು ನಾನೊಬ್ಬನೇ. ಜಂಬಕ್ಕೆ ಹೇಳುತ್ತಿಲ್ಲ. ಸ್ವಲ್ಪ ಜಂಬವೂ ಇದೆ, ಇರಲಿ. ಲಾ ಸ್ಕಾಲಾದ ಎಲ್ಲಕ್ಕಿಂತ ಮೇಲಿನ ಗ್ಯಾಲರಿಯಲ್ಲಿ ಕೂತು ವೆರ್ಡಿಯ ಒಂದು ಒಪೆರಾ ನೋಡಿದೆ. ಊರಿಗೆ, ಮಾಷ್ಟ್ರಿಗೆ, ನಾಲ್ಕು ಪುಟದ ಪತ್ರ ಬರೆದೆ. ದೀಪ, ಪರದೆ, ಕೆಂಪು ಮಖಮಲ್ಲು, ಟಿಕೆಟಿನ ರೇಟು, ಎಲ್ಲ. ಉತ್ತರ ಒಂದು ಕಾರ್ಡಿನಲ್ಲಿ ಬಂತು. "ನಿನ್ನ ಪತ್ರ ತಲುಪಿತು. ಸಂತೋಷ. ಮೈಕ್ ಇತ್ತೋ?" ಅಷ್ಟೇ. ನಾಲ್ಕು ಪುಟದಲ್ಲಿ ಮುಖ್ಯವಾದದ್ದನ್ನೇ ಬರೆಯಲು ಮರೆತಿದ್ದೆ.

ಈಗಿನ ಮಕ್ಕಳೂ ಹಾಡುತ್ತಾರೆ, ನಮಗಿಂತ ಎಷ್ಟೋ ಚೆನ್ನಾಗಿ. ಶಾಲಾ ಕಲೋತ್ಸವದಲ್ಲಿ ಯಕ್ಷಗಾನಕ್ಕೂ ಸ್ಪರ್ಧೆ ಇದೆ, ಗ್ರೇಡ್ ಇದೆ. ಆದರೆ ಗ್ರೇಡ್ ಬಂದ ಮರುದಿನ ಆ ಹಾಡನ್ನು ಯಾರಾದರೂ ಗುನುಗುವುದನ್ನು ನಾನು ಕೇಳಿಲ್ಲ. ಕನ್ನಡ ಬಾರದವರು ಕನ್ನಡ ಮಕ್ಕಳಿಗೆ ಪಾಠ ಮಾಡುವ ಕಾಲ, ಶುಕ್ರವಾರದ ಕೊನೆಯ ಪೀರಿಯಡ್ಡನ್ನು ಸುಮ್ನೆ ಹಾಡು ಕೇಳಲಿಕ್ಕೆ ಯಾರು ಬಿಟ್ಟಾರು? ಇದು ಮುದುಕರ ಗೊಣಗಾಟ ಎಂದು ನನ್ನ ಮಗಳು ಹೇಳುತ್ತಾಳೆ. ಇರಬಹುದು.

ನುಡಿನಮನ ಸಭೆ ನಮ್ಮ ಹಳೇ ಹಾಲಿನಲ್ಲೇ ನಡೆಯಿತು. ಹೊರಗೆ ಜಡಿಮಳೆ. ನಾನು ಮಾತು ಬರೆದುಕೊಂಡೇ ಹೋಗಿದ್ದೆ, ಮಿಲಾನಿನ ವಿಷಯವೂ ಅದರಲ್ಲಿತ್ತು. ಎರಡು ವಾಕ್ಯ ಆಗುವಷ್ಟರಲ್ಲಿ ಕರೆಂಟು ಹೋಯಿತು. ಗಂಟಲು ಏರಿಸಿದೆ. "ಕೇಳುವುದಿಲ್ಲ!" ಎಂದು ಹಿಂದಿನಿಂದ ಯಾರೋ ಕೂಗಿದರು. ಇನ್ನೂ ಏರಿಸಿದೆ, ಅದೇ ಕೋಳಿ. ಕಾಗದ ಮಡಚಿ ಕೆಳಗಿಳಿದೆ.

ಆಗ ಎದ್ದವನು ಅನ್ನದ ಅಂಟಿನ ಗೆಳೆಯ. ಅಡಿಕೆ ತೋಟ ನೋಡಿಕೊಂಡು ಊರಲ್ಲೇ ಉಳಿದವನು, ಹವ್ಯಾಸಕ್ಕೆ ಭಾಗವತಿಕೆ ಮಾಡುತ್ತಾನೆ. ಸರಿಗಮ ನೆಟ್ಟಗೆ ಬರುವ ಆ ಒಬ್ಬ ಇವನೇ. ವೇದಿಕೆ ಹತ್ತಲಿಲ್ಲ. ನಿಂತಲ್ಲೇ 'ಪಂಚವಟಿ' ಪ್ರಸಂಗದ ಒಂದು ಪದ ಎತ್ತಿಕೊಂಡ. ಹೆಂಚಿನ ಮೇಲೆ ಮಳೆ ಚೆಂಡೆಯ ಹಾಗೆ ಬಡಿಯುತ್ತಿತ್ತು. ರಸ್ತೆಯಾಚೆ ಬಸ್ಸಿಗೆ ಕಾಯುತ್ತಿದ್ದವರು ಕೊಡೆ ಓರೆ ಮಾಡಿ ಇತ್ತ ತಿರುಗಿ ನೋಡಿದರು.

ಪದ ಮುಗಿಯಿತು. ನುಡಿನಮನ ಸಭೆ ಅಲ್ವಾ, ಚಪ್ಪಾಳೆ ತಟ್ಟುವ ಹಾಗಿರಲಿಲ್ಲ.