ಹೊಳೆದಂಡೆಯ ಮರಳು ನೆಲದಲ್ಲಿ ಲಾನ್, ಹಣ್ಣಿನ ಗಿಡ: ಮೊದಲು ಮಣ್ಣು ಕಟ್ಟಿ

ಕೊಡಗು ಅಂದರೆ ಕೆಂಪು ಮಣ್ಣು, ತೋಟದ ದರಗು (ಉದುರಿದ ಒಣ ಎಲೆ) ಕೊಳೆತ ಕಪ್ಪು ಮೇಲ್ಮಣ್ಣು ಎಂದೇ ಎಲ್ಲರ ಲೆಕ್ಕ. ಕಾವೇರಿ, ಹಾರಂಗಿ ದಂಡೆಯಲ್ಲಿ ಸೈಟು ಮಾಡಿಕೊಂಡವರ ಅನುಭವ ಬೇರೆ. ಕುಶಾಲನಗರ, ಕೂಡಿಗೆ, ಗುಡ್ಡೆಹೊಸೂರು, ಸಿದ್ದಾಪುರದ ಹತ್ತಿರದ ಕರಡಿಗೋಡು, ಹೀಗೆ ಹೊಳೆಯ ಪಕ್ಕದಲ್ಲಿ ಗುದ್ದಲಿ ಇಟ್ಟ ಅರ್ಧ ಅಡಿಗೇ ಮರಳು ಸಿಗುವ ಜಾಗಗಳಿವೆ. 2018 ಮತ್ತು 2019ರ ಆಗಸ್ಟ್ ನೆರೆ ಇಳಿದ ಮೇಲೆ ಕೆಲವು ಹಿತ್ತಲುಗಳ ಮೇಲೆ ಹೊಸ ಮರಳಿನ ಪದರವೂ ಕೂತಿದೆ.

ಇಂಥ ನೆಲಕ್ಕೆ ಎಷ್ಟು ಗೊಬ್ಬರ ಹಾಕಬೇಕು ಎಂಬುದು ಎರಡನೇ ಪ್ರಶ್ನೆ. ಹಾಕಿದ್ದನ್ನು ಹಿಡಿದಿಡುವುದು ಯಾವುದು ಎಂಬುದು ಮೊದಲನೆಯದು. ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆ ಮರಳಿನೊಳಗಿನ ಸಾರಜನಕ, ಪೊಟ್ಯಾಶ್, ಮೆಗ್ನೀಸಿಯಂ, ಬೋರಾನ್ ಎಲ್ಲವನ್ನೂ ಬೇರಿಗೆ ಸಿಗದಷ್ಟು ಕೆಳಕ್ಕೆ ತೊಳೆದುಬಿಡುತ್ತದೆ. ಕುಶಾಲನಗರದ ಮಳೆ ಮಡಿಕೇರಿಯ ಅರ್ಧಕ್ಕಿಂತ ಕಡಿಮೆ ಇದ್ದರೂ ಮರಳಿಗೆ ಅಷ್ಟೇ ಸಾಕು. ಫೆಬ್ರವರಿ ಬಂದರೆ ಅದೇ ನೆಲ ಬೂದಿಯಂತೆ ಒಣಗಿ, ನೀರು ಹಾಕಿದರೆ ಹನಿಹನಿಯಾಗಿ ಮೇಲೆಯೇ ಉರುಳುತ್ತದೆ.

ಮೊದಲು ನೆಲ ಯಾವುದೆಂದು ನೋಡಿಕೊಳ್ಳಿ. ಮೇಲಿನ ಎರಡು ಇಂಚು ಕೆರೆದು ತೆಗೆದು, ಆರು ಇಂಚು ಆಳದವರೆಗಿನ ಮಣ್ಣನ್ನು ಗಾಜಿನ ಬಾಟಲಿಯ ಮೂರನೇ ಒಂದು ಭಾಗಕ್ಕೆ ತುಂಬಿ. ಮೇಲೆ ನೀರು, ಒಂದು ಚಿಟಿಕೆ ಸೋಪಿನ ಪುಡಿ ಹಾಕಿ ಐದು ನಿಮಿಷ ಚೆನ್ನಾಗಿ ಕುಲುಕಿ ಇಡಿ. ಒಂದು ನಿಮಿಷದೊಳಗೆ ತಳ ಸೇರುವುದು ಮರಳು, ಎರಡು ಗಂಟೆಯಲ್ಲಿ ಕೂರುವುದು ನಯವಾದ ಗೋಡು, ಒಂದು ದಿನವಾದರೂ ನೀರನ್ನು ಕದಡಿಯೇ ಇಡುವುದು ಜೇಡಿ. ಹತ್ತು ಭಾಗದಲ್ಲಿ ಎಂಟು ಮರಳಾದರೆ ಕೆಳಗೆ ಹೇಳುವುದೆಲ್ಲ ನಿಮಗೆ ಬೇಕು.

ಜೊತೆಗೆ ಹುಳಿ (ಪಿಎಚ್) ಪರೀಕ್ಷೆಯನ್ನೂ ಮಾಡಿಸಿ, ಪಿಎಚ್ ಕಡಿಮೆಯಾದಷ್ಟೂ ಹುಳಿ ಹೆಚ್ಚು. ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಕೊಡಗಿನ ಮಣ್ಣು ಹುಳಿ ಎಂದು ಪರೀಕ್ಷೆಯಿಲ್ಲದೆ ಸುಣ್ಣ ಸುರಿಯುವುದು ಹೊಸ ಮನೆಯ ಅಂಗಳದಲ್ಲಿ ಅಪಾಯ. ಗಾರೆ, ಸಿಮೆಂಟ್ ಚೂರು ಬಿದ್ದ ಕಡೆ ಮಣ್ಣು ಆಗಲೇ ಕ್ಷಾರವಾಗಿರುತ್ತದೆ, ಚಿಗುರೆಲೆ ನರ ಮಾತ್ರ ಹಸಿರಾಗಿ ಉಳಿದದ್ದು ಬೆಳ್ಳಗಾಗುತ್ತದೆ. ಪಿಎಚ್ 5.5ಕ್ಕಿಂತ ಕಡಿಮೆ ಬಂದರೆ ಮಾತ್ರ ಕೃಷಿ ಸುಣ್ಣ ಅಥವಾ ಡೋಲೊಮೈಟ್ ಕೊಡಿ, ಸೆಂಟಿಗೆ (ಎಕರೆಯ ನೂರನೇ ಒಂದು ಭಾಗಕ್ಕೆ) 4ರಿಂದ 5 ಕೆಜಿ. ಡೋಲೊಮೈಟ್‌ನಲ್ಲಿ ಮೆಗ್ನೀಸಿಯಂ ಕೂಡ ಇರುವುದರಿಂದ ಮರಳಿಗೆ ಅದೇ ಮೇಲು. ಜೇಡಿ ಮಣ್ಣಿಗೆ ಹೇಳಿದ ಪ್ರಮಾಣವನ್ನು ಮರಳಿಗೆ ಹಾಕಿದರೆ ಪಿಎಚ್ ಒಮ್ಮೆಲೇ ಏರಿಬಿಡುತ್ತದೆ. ಒಲೆ ಬೂದಿಗೂ ಇದೇ ಎಚ್ಚರ. ಸುಣ್ಣಕ್ಕೂ ಸಗಣಿ ಗೊಬ್ಬರ, ಯೂರಿಯಾಕ್ಕೂ ನಡುವೆ ಮೂರು ವಾರ ಬಿಡಿ, ಇಲ್ಲದಿದ್ದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.

ಇನ್ನು ಮುಖ್ಯ ಕೆಲಸ. ಮರಳಿನ ಮೇಲೆ ನಾಲ್ಕು ಇಂಚು ಕೆಂಪು ಮಣ್ಣು ಹರಡಿ, ಅದರ ಮೇಲೆ ಹುಲ್ಲಿನ ಹಾಳೆ ಹಾಸಿ ಹೋಗುವುದು ಈಗಿನ ವಾಡಿಕೆ. ದಯವಿಟ್ಟು ಇದಕ್ಕೆ ಒಪ್ಪಬೇಡಿ. ನಯ ಮಣ್ಣಿನ ಕೆಳಗೆ ದಪ್ಪ ಮರಳು ಇದ್ದರೆ, ಮೇಲಿನ ಪದರ ಪೂರ್ತಿ ನೆನೆದು ತುಂಬುವ ತನಕ ನೀರು ಕೆಳಗಿಳಿಯುವುದಿಲ್ಲ. ಹಾಗಾಗಿ ಮಳೆಗಾಲದಲ್ಲಿ ಆ ನಾಲ್ಕು ಇಂಚು ಕೆಸರು, ಬೇಸಿಗೆಯಲ್ಲಿ ಅದೇ ಗಟ್ಟಿ ಹಪ್ಪಳ. ಬೇರು ಆ ಗಡಿ ದಾಟುವುದೇ ಇಲ್ಲ. ವರ್ಷ ಕಳೆದು ಹುಲ್ಲನ್ನು ಕೈಯಲ್ಲಿ ಎಳೆದರೆ ಚಾಪೆಯಂತೆ ಎದ್ದು ಬರುತ್ತದೆ. ಅಡಿಯಲ್ಲಿ ಬೇರುಗಳು ಮರಳನ್ನು ಮುಟ್ಟಿದ ಕಡೆ ಅಡ್ಡಕ್ಕೆ ತಿರುಗಿ ಹೆಣೆದುಕೊಂಡಿರುವುದನ್ನು ಕಣ್ಣಾರೆ ನೋಡಬಹುದು. ಮಣ್ಣು ತರಿಸುವುದು ತಪ್ಪಲ್ಲ, ಬೆರೆಸದೆ ಬಿಡುವುದು ತಪ್ಪು.

ಬೆರೆಸಲು ಒಳ್ಳೆಯದು ಕೆರೆಗೋಡು, ಅಂದರೆ ಕೆರೆಯ ತಳದ ಹೂಳು. ಕೆರೆ ಬತ್ತುವ ಮಾರ್ಚ್, ಏಪ್ರಿಲ್‌ನಲ್ಲಿ ಸಿಗುತ್ತದೆ. ಎಲ್ಲ ಗೋಡೂ ಒಂದೇ ಅಲ್ಲ. ನೀರು ಒಳಬರುವ ಬಾಯಿಯ ಹತ್ತಿರ ತೆಗೆದದ್ದು ಮರಳೇ ಇರುತ್ತದೆ, ದುಡ್ಡು ಕೊಟ್ಟು ಮರಳಿಗೆ ಮರಳು ಹಾಕಿದಂತಾಗುತ್ತದೆ. ಲೋಡ್ ಇಳಿಸುವ ಮೊದಲು ಒಂದು ಹಿಡಿ ಒದ್ದೆ ಮಾಡಿ ಅಂಗೈಯಲ್ಲಿ ಹೊಸೆಯಿರಿ. ಪೆನ್ಸಿಲಿಗಿಂತ ಸಣ್ಣಗೆ, ಮುರಿಯದೆ ಎಳೆ ಬಂದರೆ ಜೇಡಿ ಸಾಕಷ್ಟಿದೆ. ಪುಡಿಪುಡಿಯಾದರೆ ವಾಪಸ್ ಕಳಿಸಿ.

ಪ್ರಮಾಣ: ಒಂದು ಇಂಚು ದಪ್ಪಕ್ಕೆ ಹರಡಲು ಸೆಂಟಿಗೆ 36 ಘನ ಅಡಿ ಗೋಡು ಬೇಕು. ಟ್ರ್ಯಾಕ್ಟರ್ ಟ್ರೈಲರ್ 100 ಘನ ಅಡಿಯದಾದರೆ ಒಂದು ಲೋಡು ಮೂರು ಸೆಂಟಿಗೆ ಸ್ವಲ್ಪ ಕಡಿಮೆ ಬೀಳುತ್ತದೆ. ಹರಡಿ ಹದಿನೈದು ದಿನ ಬಿಸಿಲಿಗೆ ಬಿಡಿ. ಒಣಗಿದ ಹೆಂಟೆಗಳ ಮೇಲೆ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಒಂದು ಸಲ ಬಿದ್ದರೆ ಸುಟ್ಟ ಸುಣ್ಣದ ಕಲ್ಲಿನ ಹಾಗೆ ತಾವಾಗಿ ಒಡೆಯುತ್ತವೆ. ಕೈಗೆ ಅಂಟದ ಹದಕ್ಕೆ ಬಂದಾಗ ಟಿಲ್ಲರ್ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಹೊಡೆಸಿ, ಆರು ಇಂಚು ಆಳಕ್ಕೆ. ಒದ್ದೆಯಲ್ಲಿ ಹೊಡೆದರೆ ಗೋಡು ಉಂಡೆಯಾಗಿ ಮರಳಿನ ನಡುವೆ ಹಾಗೇ ಉಳಿಯುತ್ತದೆ, ಆಮೇಲೆ ಯಾರೂ ಬಿಡಿಸಲಾಗದು.

ಗೊಬ್ಬರದ ಜಾಗದಲ್ಲಿ ನಮ್ಮ ಕಡೆಯ ಅನುಕೂಲ ಕಾಫಿ ಹೊಟ್ಟು. ಕುಶಾಲನಗರದ ಬಳಿಯ ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ (ಕಾಫಿ ಸಂಸ್ಕರಿಸುವ ಘಟಕಗಳಲ್ಲಿ) ವಿಚಾರಿಸಿ. ಪೊಟ್ಯಾಶ್ ಚೆನ್ನಾಗಿದೆ, ಆದರೆ ಹಸಿಯಾಗಿ ಹಾಕಿದರೆ ಕೊಳೆಯುವಾಗ ಮಣ್ಣಿನಲ್ಲಿದ್ದ ಸಾರಜನಕವನ್ನೂ ಹೀರಿ ಹುಲ್ಲು ಹಳದಿಯಾಗುತ್ತದೆ. ನಾಲ್ಕು ಭಾಗ ಹೊಟ್ಟಿಗೆ ಒಂದು ಭಾಗ ಹಸಿ ಸಗಣಿ, ಟನ್ನಿಗೆ 20 ಕೆಜಿ ರಾಕ್ ಫಾಸ್ಫೇಟ್ ಪದರಪದರವಾಗಿ ಹಾಕಿ ನಾಲ್ಕು ಅಡಿ ಎತ್ತರಕ್ಕೆ ರಾಶಿ ಮಾಡಿ. ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಜಿನುಗುವಷ್ಟು ತೇವ ಇರಲಿ. ಮೂರು ವಾರಕ್ಕೊಮ್ಮೆ ಮಗುಚಿದರೆ ನಾಲ್ಕು ತಿಂಗಳಲ್ಲಿ ಆಗುತ್ತದೆ. ಮಳೆಗಾಲದಲ್ಲಿ ಮೇಲೆ ತಗಡೋ ಟಾರ್ಪಾಲೋ ಬೇಕೇಬೇಕು. ಹೀಗೆ ಕಳಿತದ್ದು ಅಥವಾ ಹಳೆಯ ಕೊಟ್ಟಿಗೆ ಗೊಬ್ಬರ, ಎರಡು ಇಂಚು ದಪ್ಪಕ್ಕೆ, ಸೆಂಟಿಗೆ 72 ಘನ ಅಡಿ. ಅರೆಕೊಳೆತ ಗೊಬ್ಬರ ತಂದರೆ ಗೊಣ್ಣೆಹುಳು ಜೊತೆಗೇ ಬರುತ್ತದೆ, ಸಡಿಲ ಮರಳು ಅದಕ್ಕೆ ಹೇಳಿ ಮಾಡಿಸಿದ ಜಾಗ. ಗೊಣ್ಣೆ ಹುಡುಕಿಕೊಂಡು ಕಾಡುಹಂದಿ ಬಂದರೆ ಒಂದೇ ರಾತ್ರಿಯಲ್ಲಿ ಲಾನ್ ಉತ್ತ ಗದ್ದೆಯಾಗುತ್ತದೆ.

ಇಷ್ಟೊಂದು ಗೊಬ್ಬರವನ್ನು ಮೇ ತಿಂಗಳಲ್ಲಿ ಹಾಕಬೇಡಿ. ಗೋಡು ಬೆರೆಸಿದ ಮೇಲೆ ಮೇ ಮೊದಲ ವಾರದಲ್ಲಿ ಸೆಂಟಿಗೆ 200ರಿಂದ 250 ಗ್ರಾಂ ಹಸಿರೆಲೆ ಗೊಬ್ಬರದ ಸೆಣಬಿನ (ಸನ್ ಹೆಂಪ್) ಬೀಜ ಎರಚಿ, ಆ ಹೊದಿಕೆಯ ಕೆಳಗೆ ನೆಲ ಮಳೆ ಎದುರಿಸಲಿ. ಹೂ ಬರುವಾಗ, ಅಂದರೆ ಸುಮಾರು 50 ದಿನಕ್ಕೆ, ಕೊಯ್ದು ಮಣ್ಣಿಗೆ ಸೇರಿಸಿ ಎನ್ನುವುದು ಎಲ್ಲ ಕಡೆಯ ಸಲಹೆ. ನಮ್ಮಲ್ಲಿ ಆ ಹೊತ್ತಿಗೆ ಜೂನ್ ಕೊನೆ. ಹೂತರೆ ಮೂರು ವಾರದಲ್ಲಿ ಕೊಳೆತು, ಬಿಟ್ಟ ಸಾರಜನಕ ಸೀದಾ ಹೊಳೆಗೆ. ಕೊಯ್ದು ನೆಲದ ಮೇಲೆಯೇ ಹಾಸಿಬಿಡಿ. ಸೆಪ್ಟೆಂಬರ್ ಕೊನೆಗೆ ಮಳೆ ತಗ್ಗಿದಾಗ ಅದರ ಮೇಲೆ ಗೊಬ್ಬರ ಹರಡಿ ಎರಡನ್ನೂ ಒಟ್ಟಿಗೆ ಟಿಲ್ಲರ್‌ನಲ್ಲಿ ಬೆರೆಸಿ. ಸೆಣಬು ಬೇರುಗಂಟು ಜಂತುಹುಳುವನ್ನೂ ತಗ್ಗಿಸುತ್ತದೆ, ಮರಳಿನಲ್ಲಿ ಅದರ ಕಾಟ ಹೆಚ್ಚು.

ಅಕ್ಟೋಬರ್‌ನಲ್ಲಿ ಹುಲ್ಲು ನೆಡಿ. ನೆರಳಿದ್ದರೆ ಅಗಲ ಎಲೆಯ ಬಫೆಲೋ, ಪೂರ್ತಿ ಬಿಸಿಲಿದ್ದರೆ ಗರಿಕೆ ಜಾತಿ. ಜೇಡಿ ಅಂಟಿದ ಹಾಳೆ ಹಾಸುವುದಕ್ಕಿಂತ ಬೇರುಸಹಿತ ತುಂಡುಗಳನ್ನು ನಾಲ್ಕು ಇಂಚಿಗೊಂದರಂತೆ ಊರುವುದು ಮೇಲು. ತುಂಬಲು ಎರಡು ಮೂರು ತಿಂಗಳು ಹಿಡಿಯುತ್ತದೆ, ಬೇರು ಮಾತ್ರ ಆಳಕ್ಕಿಳಿಯುತ್ತದೆ. ಯೂರಿಯಾ ಸೆಂಟಿಗೆ 300 ಗ್ರಾಂ ಮೀರದಂತೆ, ತಿಂಗಳಿಗೊಮ್ಮೆ, ಅಕ್ಟೋಬರ್, ನವೆಂಬರ್ ಮತ್ತೆ ಹೂಮಳೆಯ ನಂತರ. ಜೂನ್‌ನಿಂದ ಆಗಸ್ಟ್ ಏನೂ ಬೇಡ. ಎರಡು ಇಂಚಿಗಿಂತ ಕೆಳಗೆ ಕತ್ತರಿಸಬೇಡಿ.

ಹಣ್ಣಿನ ಗಿಡಕ್ಕೆ ಗುಂಡಿ ತೆಗೆಯುವ ಮೊದಲು ಒಂದು ಕೆಲಸವಿದೆ. ಜುಲೈನಲ್ಲಿ ಮೂರಡಿ ಆಳದ ಕುಳಿ ತೋಡಿ, ಮೇಲಿನ ನೀರು ಒಳಹೋಗದಂತೆ ಮುಚ್ಚಿ, ಮರುದಿನ ನೋಡಿ. ಮರಳು ಎಂದ ಮಾತ್ರಕ್ಕೆ ನೀರು ಬಸಿಯುತ್ತದೆ ಎನ್ನಲಾಗದು, ಹೊಳೆ ತುಂಬಿದಾಗ ಅಂತರ್ಜಲ ಕೆಳಗಿನಿಂದ ಏರುತ್ತದೆ. ಮೂರಡಿಯೊಳಗೆ ನೀರು ನಿಂತಿದ್ದರೆ ಬೆಣ್ಣೆಹಣ್ಣು, ಹಲಸು, ಕಿತ್ತಳೆ ಅಲ್ಲಿಗಲ್ಲ. ಸೀಬೆ, ನೇರಳೆ, ತೆಂಗು ನೋಡಿ. ಬೆಣ್ಣೆಹಣ್ಣಿನ ಬೇರು ಕೊಳೆರೋಗಕ್ಕೆ ಕೆಲವು ದಿನ ನಿಂತ ನೀರೇ ಸಾಕು.

ಗುಂಡಿ ಎರಡಡಿ ಉದ್ದ, ಅಗಲ, ಆಳ. ತೆಗೆದ ಮರಳಿಗೆ ಮೂರನೇ ಒಂದು ಭಾಗ ಗೋಡು ಬೆರೆಸಿ ತುಂಬಿ, ಗೊಬ್ಬರ ಎರಡು ಬುಟ್ಟಿ, ಅದೂ ಮೇಲಿನ ಒಂದಡಿಗೆ ಮಾತ್ರ. ಗುಂಡಿ ತುಂಬ ಗೊಬ್ಬರ ತುರುಕಿದರೆ ಕೆಳಗಿನದು ಗಾಳಿಯಿಲ್ಲದೆ ಹುಳಿತು ಬೇರು ಸುಡುತ್ತದೆ, ಉಳಿದದ್ದು ಕರಗಿ ನೆಲ ಕುಸಿದು ಗಿಡದ ಕುತ್ತಿಗೆ ಮಣ್ಣಿನೊಳಗೆ ಹೋಗುತ್ತದೆ. ನೆಲಮಟ್ಟಕ್ಕಿಂತ ಒಂದಡಿ ದಿಬ್ಬ ಮಾಡಿ ಅದರ ಮೇಲೆ ನೆಡಿ, ಕಸಿ ಗಂಟು ಮಣ್ಣಿಗಿಂತ ಆರು ಇಂಚು ಮೇಲಿರಲಿ. ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ಸಿಗುವಂಥ ಖಾತ್ರಿ ಸಸಿಗೆ ಕಾಯುವುದು ಲೇಸು. ಎಲ್ಲಿಂದ ತಂದರೂ ಚೀಲ ಕತ್ತರಿಸಿ ಬೇರು ನೋಡಿ. ಸೀಬೆ ಸಸಿಯ ಬೇರಿನಲ್ಲಿ ಉಗುರಿಗೆ ಬಿಡದ ಗಂಟುಗಳಿದ್ದರೆ ಜಂತುಹುಳು, ನೆಡಬೇಡಿ.

ಬುಡದ ಸುತ್ತ ಮೂರಡಿ ಹುಲ್ಲು ಬರಲು ಬಿಡಬೇಡಿ, ಮೇಲಿನ ಬೇರಿನ ಆಹಾರವೆಲ್ಲ ಅದರ ಪಾಲಾಗುತ್ತದೆ. ನವೆಂಬರ್‌ನಿಂದ ಮೇವರೆಗೆ ಅಲ್ಲಿ ನಾಲ್ಕು ಇಂಚು ದರಗು ಮುಚ್ಚಿ, ಕಾಂಡದಿಂದ ಅರ್ಧ ಅಡಿ ದೂರ. ಜೂನ್‌ನಲ್ಲಿ ಅದನ್ನು ಇನ್ನೂ ಹೊರಕ್ಕೆ ಎಳೆಯಿರಿ. ಕಿತ್ತಳೆಯ ಹೊಸ ಎಲೆ ಸಣ್ಣದಾಗಿ ನರಗಳ ನಡುವೆ ಹಳದಿಯಾದರೆ ಮರಳಿನಲ್ಲಿ ಮೊದಲ ಅನುಮಾನ ಸತುವಿನ ಕೊರತೆ: ಲೀಟರ್ ನೀರಿಗೆ 5 ಗ್ರಾಂ ಸತುವಿನ ಸಲ್ಫೇಟ್, 2.5 ಗ್ರಾಂ ಅರಳಿದ ಸುಣ್ಣ ಸೇರಿಸಿ, ಎಲೆ ಬಲಿಯುವ ಮೊದಲು ಸಿಂಪಡಿಸಿ. ಗೊಬ್ಬರದ ಕೆಲಸ ಒಂದು ವರ್ಷಕ್ಕೆ ಮುಗಿಯುವುದಿಲ್ಲ, ಕೊಡಗಿನ ಬಿಸಿ ತೇವದಲ್ಲಿ ಅದು ಬೇಗ ಕರಗುತ್ತದೆ. ಹಾಕಿದ ಗೋಡು ಉಳಿಯುತ್ತದೆ. ಹಾಗಾಗಿ ಪ್ರತಿ ಅಕ್ಟೋಬರ್‌ನಲ್ಲಿ ಕಾಲಿಂಚು ಜಾಲರಿಯಲ್ಲಿ ಜರಡಿ ಹಿಡಿದ ಗೊಬ್ಬರವನ್ನು ಹುಲ್ಲಿನ ತುದಿ ಕಾಣುವಷ್ಟು ತೆಳ್ಳಗೆ ಲಾನ್ ಮೇಲೆ ಎರಚಿ, ಪೊರಕೆಯಿಂದ ಒಳಕ್ಕೆ ಇಳಿಸಿ, ನೀರು ಹಾಯಿಸಿ.