ಐದು ದಿನಕ್ಕೊಮ್ಮೆ ಎಸೆಯೋಕೆ ಅಷ್ಟು ದುಡ್ಡಾ?

ಊರಿಂದ ಯಾರೇ ಬರಲಿ, ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ ಕೂತು ಹತ್ತು ನಿಮಿಷ ಬೇಸ್‌ಬಾಲ್ ನೋಡಿದರೆ ಸಾಕು, ಇದನ್ನೇ ಕೇಳುತ್ತಾರೆ. ಆಟ ಶುರು ಮಾಡುವ ಪಿಚರ್, ಅಂದರೆ ಚೆಂಡು ಎಸೆಯುವವನು, ಐದಾರು ದಿನಕ್ಕೊಮ್ಮೆ ಆಡುತ್ತಾನೆ. ನೂರು ಎಸೆತ ಆಗುವಷ್ಟರಲ್ಲಿ ಅವನನ್ನು ಒಳಗೆ ಕಳಿಸುತ್ತಾರೆ. "ಸುಮ್ನೆ ಎಸೆಯೋದಕ್ಕೆ ಕೋಟಿಗಟ್ಟಲೆ ಡಾಲರಾ?"

ಸುಮ್ನೆ ಅಂತೆ! ನನಗೆ ಉರಿಯೋದು ಆ ಪದಕ್ಕೆ.

ಹೋದ ಬೇಸಿಗೆಯಲ್ಲಿ ಮೈಸೂರಿನಿಂದ ಭಾವ ಬಂದಿದ್ದರು. ಮ್ಯಾಚಿಗೆ ಕರೆದುಕೊಂಡು ಹೋದೆ. ಟಿಕೆಟ್, ಪಾರ್ಕಿಂಗ್, ಕಡಲೆಕಾಯಿ ಎಲ್ಲ ನನ್ನದೇ ಖರ್ಚು. ಮೂರನೇ ಇನಿಂಗ್ಸ್‌ಗೇ ಶುರು ಮಾಡಿದರು. "ಇವನು ಮೊಣಕೈ ಮಡಚ್ತಾನಲ್ಲೋ, ನಮ್ಮಲ್ಲಾಗಿದ್ರೆ ನೋ ಬಾಲ್." ಐದನೆಯದಕ್ಕೆ, "ನಮ್ಮ ಶ್ರೀನಾಥ್ ದಿನವಿಡೀ ಹಾಕ್ತಿದ್ದ ಕಣಯ್ಯಾ, ಅದೂ ಓಡ್ಕೊಂಡು ಬಂದು."

ಮೈಸೂರಿನವರ ಹತ್ತಿರ ಶ್ರೀನಾಥ್ ವಿಷಯದಲ್ಲಿ ವಾದ ಮಾಡಬಾರದು. ಆದರೂ ಬಾಯಿ ತಡೆಯಲಿಲ್ಲ. "1997ರಲ್ಲಿ ಅವರ ಭುಜಕ್ಕೂ ಆಪರೇಷನ್ ಆಯ್ತಲ್ವಾ ಭಾವ?" ಅಂದೆ. ಅವರು ಕಡಲೆಕಾಯಿ ಸುಲಿಯತೊಡಗಿದರು.

ಪಿಚರ್‌ಗೆ ಓಡಿ ಬರುವ ಅನುಕೂಲವೇ ಇಲ್ಲ. ನಿಂತ ಜಾಗದಿಂದ ಒಂದು ದೊಡ್ಡ ಹೆಜ್ಜೆ, ಅಷ್ಟೇ. ಬ್ಯಾಟ್ಸ್‌ಮನ್ ಕಡೆಯ ಪ್ಲೇಟ್ ಇರೋದು 60 ಅಡಿ 6 ಅಂಗುಲ ದೂರದಲ್ಲಿ. ಈಗಿನವರು ಗಂಟೆಗೆ 150 ಕಿಲೋಮೀಟರ್ ವೇಗ ಆರಾಮಾಗಿ ದಾಟಿಸುತ್ತಾರೆ. ಆ ಎಳೆತ ತಡೆಯಬೇಕಾದ್ದು ಮೊಣಕೈ ಒಳಬದಿಯ ಒಂದು ಪುಟ್ಟ ಲಿಗಮೆಂಟ್, ಅಂದರೆ ಮೂಳೆಗೆ ಮೂಳೆ ಕಟ್ಟಿಹಿಡಿಯುವ ಪಟ್ಟಿ. ದುಡ್ಡು ಜಾಸ್ತಿಯೇ, ಒಪ್ಪಿದೆ. ಆದರೆ ಸ್ಯಾಂಡಿ ಕೋಫ್ಯಾಕ್ಸ್ ಅನ್ನೋ ಪಿಚರ್ 1966ರಲ್ಲಿ 27 ಪಂದ್ಯ ಗೆದ್ದು (ಇಲ್ಲಿ ತಂಡದ ಗೆಲುವನ್ನು ಒಬ್ಬ ಪಿಚರ್ ಹೆಸರಿಗೆ ಬರೆಯುತ್ತಾರೆ) ಆ ವರ್ಷವೇ ಆಟ ಬಿಟ್ಟ. ವಯಸ್ಸು 30. ಮೊಣಕೈಯಲ್ಲಿ ಸಂಧಿವಾತ.

"ಕೈ ಹೋದಮೇಲೆ ಏನ್ಮಾಡ್ತಾರೆ?" ಅಂತ ಯಾಕೆ ಯಾರೂ ಕೇಳೋದಿಲ್ಲ? ಕೇಳಿದರೆ ರಾತ್ರಿಯೆಲ್ಲ ಹೇಳಬಲ್ಲೆ.

1974ರ ಜುಲೈನಲ್ಲಿ ಡಾಡ್ಜರ್ಸ್ ತಂಡದ ಎಡಗೈ ಪಿಚರ್ ಟಾಮಿ ಜಾನ್‌ಗೆ ಆ ಲಿಗಮೆಂಟ್ ಹರಿಯಿತು. ಆಗ ವಯಸ್ಸು 31, ಗೆದ್ದದ್ದು 124 ಪಂದ್ಯ. ಹರಿಯಿತು ಅಂದರೆ ಗಂಟುಮೂಟೆ ಕಟ್ಟು ಅನ್ನುವ ಕಾಲ ಅದು. ಡಾಕ್ಟರ್ ಫ್ರಾಂಕ್ ಜೋಬ್ ಅವನ ಬಲ ಮುಂಗೈಯಿಂದ ಒಂದು ನರದಂಥ ಎಳೆ, ಅಂದರೆ ಟೆಂಡನ್, ತೆಗೆದರು. ಎಡ ಮೊಣಕೈ ಮೂಳೆಗಳಲ್ಲಿ ತೂತು ಕೊರೆದು ಅದನ್ನು ಪೋಣಿಸಿದರು. ಅದಕ್ಕೂ ಮುಂಚೆ ಯಾವ ಪಿಚರ್‌ಗೂ ಹಾಗೆ ಮಾಡಿರಲಿಲ್ಲ.

1975 ಪೂರ್ತಿ ಆಟವಿಲ್ಲ. 1976ರಲ್ಲಿ ವಾಪಸ್ ಬಂದ. ಅಲ್ಲಿವರೆಗೆ ಯಾವ ವರ್ಷವೂ 20 ಪಂದ್ಯ ಗೆಲ್ಲದವನು ಆಮೇಲೆ ಮೂರು ವರ್ಷ ಗೆದ್ದ. 1989ರಲ್ಲಿ, 46ನೇ ವಯಸ್ಸಿನಲ್ಲಿ ನಿಲ್ಲಿಸಿದಾಗ ಒಟ್ಟು 288 ಗೆಲುವು. ಹೊಸ ಎಳೆಯದೇ 164! ಈಗ ಆ ಆಪರೇಷನ್ನಿಗೇ ಅವನ ಹೆಸರು. ಹೈಸ್ಕೂಲ್ ಹುಡುಗರೂ ಮಾಡಿಸಿಕೊಳ್ಳುತ್ತಾರೆ, ಪಾಪ.

ಆ ಎಳೆ ನೋಡಬೇಕಾ? ಹೆಬ್ಬೆರಳು ಕಿರುಬೆರಳು ಸೇರಿಸಿ ಒತ್ತಿ, ಮಣಿಕಟ್ಟು ಸ್ವಲ್ಪ ಒಳಕ್ಕೆ ಮಡಚಿ. ನಡುವೆ ದಾರದ ಹಾಗೆ ಎದ್ದು ಕಾಣುತ್ತಲ್ಲ, ಅದೇ. ಕೆಲವರಿಗೆ ಹುಟ್ಟಿನಿಂದಲೇ ಇರೋದಿಲ್ಲ. ಏನೂ ನಷ್ಟವಿಲ್ಲ.

ಏಳನೇ ಇನಿಂಗ್ಸ್‌ನಲ್ಲಿ ಭಾವನಿಗೂ ತೋರಿಸಿಕೊಟ್ಟೆ. ಬಲಗೈಯಲ್ಲಿ ಕಂಡಿತು, ಎಡಗೈಯಲ್ಲಿ ಇಲ್ಲ. ಉಳಿದ ಆಟವೆಲ್ಲ ಎಡಗೈ ಮಡಚಿ ಬಿಚ್ಚಿ ನೋಡುತ್ತಲೇ ಕೂತಿದ್ದರು. ಕಾರು ಹತ್ತುವಾಗ ಮೆಲ್ಲಗೆ ಹೇಳಿದರು, "ನಿಮ್ಮಕ್ಕಂಗೆ ಹೇಳ್ಬೇಡ."